ಇಬ್ಬರ ಬ್ಯಾಗ್

ಚಿನಕುರುಳಿ,

ಇವತ್ತು ನಮ್ಮ ಬ್ಯಾಗ್ ಸಿಕ್ಕಿತು ಕಣೇ. ಹಲ್ಲಿನ ಕ್ಲಿನಿಕ್ಕಿನ ಸಂಬಳದಲ್ಲಿ ವರ್ಷವಿಡೀ ಉಳಿಸಿ, ಇಬ್ಬರೂ ಸೇರಿ ಕೊಂಡು, ತಿಂಗಳಿಗೊಬ್ಬರಂತೆ ಹೆಗಲಿಗೇರಿಸಿ ಮೆರೆದೆವಲ್ಲ, ಅದೇ ದೊಡ್ಡ ಬ್ರ್ಯಾಂಡಿನ ಬ್ಯಾಗ್.

ಬಳಸಿದ ಬ್ರ್ಯಾಂಡೆಡ್ ಸಾಮಾನು ಮಾರುವ ಅಂಗಡಿಗೆ ಬೆಲ್ಟ್ ನೋಡಲು ಹೋಗಿದ್ದೆ. ಹೊಸದನ್ನು ಕೊಳ್ಳುವ ತಾಕತ್ತು ಈಗಲೂ ಇಲ್ಲ. ಗಾಜಿನ ಕಪಾಟಿನಲ್ಲಿ ಅದು ಕೂತಿತ್ತು.

"ಒಳಗೆ ಇಂಕಿನ ಕಲೆ ಇದೆ, ಅದಕ್ಕೇ ಇಷ್ಟು ಕಮ್ಮಿಗೆ ಕೊಡ್ತಿದೀನಿ" ಎಂದರು ಅಂಗಡಿಯಾಕೆ.

"ಅದು ನನ್ನ ಪೆನ್ ಸೋರಿ ಆಗಿದ್ದು" ಎಂದೆ. ಅಂದು ಆ ತಪ್ಪನ್ನು ನಿನ್ನ ತಲೆಗೆ ಕಟ್ಟಿ, "ನೀನೇ ಇಟ್ಕೋ ಹೋಗು" ಎಂದು ಬ್ಯಾಗನ್ನು ನಿನ್ನ ಮುಂದೆ ಎಸೆದು ಬಂದಿದ್ದೆ. ಇವತ್ತು ಮಾತು ಸಲೀಸಾಗಿ ಬಂತು.

"ಹಾಗಾದ್ರೆ ಇದನ್ನ ಮಾರೋಕೆ ತಂದ ಮೇಡಂ ನಿಮಗೆ ಗೊತ್ತಾ? ಎರಡು ಸಲ ತಂದಿಟ್ಟು, ಸಂಜೆಯೊಳಗೇ ಬಂದು ವಾಪಸ್ ತಗೊಂಡು ಹೋದ್ರು. ಮೂರನೇ ಸಲ ಇಟ್ಟು ಹೋದವರು ವಾಪಸ್ ಬರಲಿಲ್ಲ."

"ಅವರ ನಂಬರ್ ಇದೆಯಾ?"

"ಕೊಡೋ ಹಾಗಿಲ್ಲ ಮೇಡಂ."

ಬೆಲ್ಟಿನ ಆಸೆ ಬಿಟ್ಟು ಬ್ಯಾಗನ್ನೇ ತಂದೆ. ಮನೆಗೆ ಬಂದು ಜೇಬುಗಳನ್ನೆಲ್ಲ ತಡಕಾಡಿದೆ. ಚೀಟಿ ಗೀಟಿ ಏನೂ ಇರಲಿಲ್ಲ. ಕೈ ತೊಳೆದುಕೊಂಡು ಬಂದು, ಜಿಪ್ ತೆಗೆದು ಇನ್ನೊಂದು ಸಲ ನೋಡಿದೆ.