ಬಾಗಿಲಿಗೆ ಬರುವ ಯಾಜಕನ ಪಾಲು

ಆನಾಬ್ ಊರು, ಹೆಬ್ರೋನಿನ ಸೀಮೆ
ಬೇಸಿಗೆ ಹಣ್ಣಿನ ತಿಂಗಳು, ಹೊಸ ಚಂದ್ರ ಕಂಡ ನಾಲ್ಕನೆಯ ದಿನ

ಮಿಲ್ಕಾಳ ಅಪ್ಪನಿಗೆ ಯೆರೂಷಾ ಮಾಡುವ ವಂದನೆಗಳು.

ಯೆಹೋವನು ನಿಮ್ಮನ್ನು ಸುಖವಾಗಿಟ್ಟಿರಲಿ. ಮಂಡಿ ನೋವು ಹೇಗಿದೆ? ಯೆರೂಸಲೇಮಿನ ಮೆಟ್ಟಿಲು ಹತ್ತಿ ಇಳಿದು ಜಾಸ್ತಿಯಾಗಿರಬೇಕು. ಎಣ್ಣೆ ಹಚ್ಚಿಕೊಳ್ಳಿ, ತಿಕ್ಕುವವರಿಲ್ಲ ಎಂದು ಸುಮ್ಮನಿರಬೇಡಿ. ದೇವಾಲಯದಲ್ಲಿ ಬಲಿಪೀಠದ ಸೇವೆ, ಊರಿಗೆ ಬರಲು ಬಿಡುವೇ ಇಲ್ಲ ಎಂದು ಹೇಳಿಕಳಿಸಿದ್ದಿರಿ. ಸಂತೋಷ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಮಿಲ್ಕಾ ಹೆತ್ತಿದ್ದಾಳೆ, ಗಂಡು ಮಗು, ಇಬ್ಬರೂ ಕ್ಷೇಮ. ಮೂಗು ನಿಮ್ಮದೇ ಬಂದಿದೆ, ಪಾಪ, ಏನು ಮಾಡಲಾಗುತ್ತದೆ! ಎಂಟನೆಯ ದಿನ ಸುನ್ನತಿ ಮಾಡಿಸಿ ಎಲ್ಕಾನ ಎಂದು ಹೆಸರಿಟ್ಟೆವು. ನಮ್ಮ ದೊಡ್ಡ ಎಣ್ಣೆ ಗಡಿಗೆ ಒಡೆಯಿತು. ಅದರ ಚೂರುಗಳ ಮೇಲೆಯೇ ಅಳಿಯ ಯಾಕೀನ ಈ ಪತ್ರ ಬರೆಯುತ್ತಿದ್ದಾನೆ. ನಾನು ಹೇಳುತ್ತೇನೆ, ಅವನು ಬರೆಯುತ್ತಾನೆ. ಹಾಗಾಗಿ ಹೆಂಡತಿ ಗಂಡನಿಗೆ ಹೇಳುವ ಕೆಲವು ಮಾತು ಬಾಯಲ್ಲೇ ಉಳಿದಿವೆ, ತಿಳಿದುಕೊಳ್ಳಿ.

ಗುಡ್ಡದ ಮೇಲೆ ಈಗ ಏನೂ ಇಲ್ಲ. ಅರಸನ ಆಳುಗಳು ನಮ್ಮ ಬಲಿಪೀಠ ಕೆಡವಿ, ನೀವೂ ಪಟ್ಟಣಕ್ಕೆ ಹೊರಟ ಮೇಲೆ ಕಲ್ಲುಗಳ ಸಂದಿಯಲ್ಲಿ ಮುಳ್ಳು ಬೆಳೆದಿದೆ. ಇನ್ನು ಯೆರೂಸಲೇಮಿನಲ್ಲಿ ಮಾತ್ರ ಬಲಿ, ಬೇರೆಲ್ಲೂ ಕೂಡದು ಎಂದರು. ಇರಲಿ, ದೊಡ್ಡವರು ಯೋಚಿಸಿಯೇ ಹೇಳಿರುತ್ತಾರೆ. ಆದರೆ ಆ ಹೊಗೆಯ ವಾಸನೆ ನೆನಪಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಗುಡ್ಡದ ಕಡೆ ನೋಡುತ್ತೇನೆ. ಕುರಿಯ ಉಣ್ಣೆ ಕತ್ತರಿಸುವ ಹಬ್ಬಕ್ಕೆ ಬೆಳಗ್ಗೆಯೇ ಊರೆಲ್ಲ ಗುಡ್ಡ ಹತ್ತುತ್ತಿತ್ತು. ನೀವು ನಾರಿನ ಅಂಗಿ ತೊಟ್ಟು ಕೊಬ್ಬನ್ನು ಬೆಂಕಿಗೆ ಹಾಕುವಾಗ ಮಕ್ಕಳು ಸಹ ಗಲಾಟೆ ನಿಲ್ಲಿಸುತ್ತಿದ್ದವು. ಹೊಗೆ ನೆಟ್ಟಗೆ ಮೇಲಕ್ಕೆ ಹೋದರೆ ಮಾಕಾ ಅಜ್ಜಿ “ಒಪ್ಕೊಂಡ ಕಣ್ರೇ ದೇವ್ರು, ಇನ್ನು ಬಟ್ಟಲು ತನ್ನಿ” ಎನ್ನುತ್ತಿದ್ದಳು. ಗಾಳಿ ಬೀಸಿ ಹೊಗೆ ಅವಳ ಕಣ್ಣಿಗೇ ನುಗ್ಗಿದರೂ ಅದನ್ನೇ ಹೇಳುತ್ತಿದ್ದಳು! ವರ್ಷವಿಡೀ ಮುಖ ನೋಡದ ದಾಯಾದಿಗಳೂ ಅಲ್ಲಿ ಒಂದೇ ಹಂಡೆಯಿಂದ ಉಣ್ಣಬೇಕಿತ್ತು, ಬೇರೆ ಕಡೆ ಮಾಂಸ ಎಲ್ಲಿತ್ತು? ಊಟವಾದ ಮೇಲೆ ನೀವು ಕೈಯೆತ್ತಿ ಆಶೀರ್ವಾದ ಹೇಳುತ್ತಿದ್ದಿರಿ. ಮೂರೇ ಸಾಲು. ನಡುವಿನ ಸಾಲಿಗೆ ನಿಮ್ಮ ದನಿ ಎಷ್ಟು ತಗ್ಗುತ್ತಿತ್ತೆಂದರೆ ಹಿಂದೆ ನಿಂತ ಹೆಂಗಸರಿಗೆ ಕೇಳಿಸುತ್ತಲೇ ಇರಲಿಲ್ಲ. ಕೇಳಿಸದಿದ್ದರೇನು, ಹೇಳುವವರು ಮನೆಯಲ್ಲೇ ಇದ್ದಾರೆ ಎಂದುಕೊಳ್ಳುತ್ತಿದ್ದೆ.

ಈಗ ಯಾರು ಬೇಕಾದರೂ ತಮ್ಮ ಬಾಗಿಲಲ್ಲೇ ಕುರಿ ಕೊಯ್ದು, ರಕ್ತವನ್ನು ನೀರಿನಂತೆ ಮಣ್ಣಿಗೆ ಸುರಿದು, ತಿನ್ನಬಹುದು ಎಂದು ಅಪ್ಪಣೆಯಾಗಿದೆ. ಮೊದಲು ಕೊಯ್ದವನು ಕುರುಬರ ಹುಷೈ. ರಕ್ತ ಸುರಿದನಂತೆ, ತಲೆ ಕೆರೆದುಕೊಂಡನಂತೆ, ಆಮೇಲೆ ಮುಂಗಾಲು, ಎರಡು ದವಡೆ, ಜಠರ ಎಲ್ಲ ಕಟ್ಟಿಕೊಂಡು ಸೀದಾ ನಮ್ಮ ಬಾಗಿಲಿಗೆ ಬಂದ. ಇದೇನೋ ಎಂದರೆ “ಯಾಜಕರ ಪಾಲು ಅಕ್ಕಾ” ಎಂದ. ಪೀಠವೇ ಇಲ್ಲ, ಯಾಜಕರ ಪಾಲು ಎಲ್ಲಿಂದ ಬಂತೋ ಎಂದೆ. “ಪೀಠ ಕೆಡವಿದ್ರು, ಅಯ್ನೋರ ಬಾಗ್ಲು ಇಲ್ಲೇ ಐತಲ್ಲ” ಎಂದು ಇಟ್ಟು ಹೋದ. ಅವನನ್ನು ನೋಡಿ ಉಳಿದವರೂ ಶುರುಮಾಡಿದರು. ಯಾರ ಮನೆಯಲ್ಲಿ ಕುರಿ ಬಿದ್ದರೂ ಮುಂಗಾಲು ನಮ್ಮ ಮನೆಗೆ. ಬಲಿಯಾಗದ ಮಾಂಸವನ್ನು ಪವಿತ್ರವೆಂದು ತಿನ್ನುವುದು ಹೇಗೆ? ದೇವರ ಹೆಸರು ಹೇಳಿ ತಂದದ್ದನ್ನು ಒಲ್ಲೆ ಎನ್ನುವುದು ಹೇಗೆ? ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಉಪ್ಪು ಹಾಕಿ ಒಣಗಿಸಿಟ್ಟೆ.

ಕೊನೆಗೆ ನಾನೇ ಒಂದು ದಾರಿ ಮಾಡಿದೆ, ಬೈಯಬೇಡಿ. ಹೊಸ ಚಂದ್ರ ಕಂಡ ದಿನ ಕಣದಲ್ಲಿ ದೊಡ್ಡ ಹಂಡೆ ಇಟ್ಟು, ಒಣಗಿಸಿದ್ದನ್ನೆಲ್ಲ ಬೇಳೆಯ ಜೊತೆ ಬೇಯಿಸಿ ಊರಿಗೇ ಬಡಿಸಿದೆ. ಬೆಂಕಿ ಬಲಿಗಲ್ಲ, ಅಡಿಗೆಗೆ. ಅರಸನ ಮಾತು ಮೀರಿಲ್ಲ. ದಾಯಾದಿಗಳೂ ಬಂದರು, ಬಾಯಿ ಬಿಗಿದುಕೊಂಡೇ ಎರಡೆರಡು ಸಲ ಬಡಿಸಿಕೊಂಡರು. ಊಟ ಮುಗಿಯಿತು. ಆದರೆ ಒಬ್ಬರೂ ಮನೆಗೆ ಹೋಗಲಿಲ್ಲ. ಎಲ್ಲರೂ ಎದ್ದು, ತಲೆ ತಗ್ಗಿಸಿ, ಸುಮ್ಮನೆ ನಿಂತರು. ಅಭ್ಯಾಸ ನೋಡಿ! ಮಾಕಾ ಅಜ್ಜಿಗೆ ತಡೆಯಲಾಗಲಿಲ್ಲ. “ಆಶೀರ್ವಾದ ಇಲ್ದೆ ಹೆಂಗ್ರೇ ಹೋಗೋದು? ಕಾಲೇ ಏಳ್ತಿಲ್ಲ” ಎಂದಳು. ಹೊತ್ತು ಮುಳುಗುವ ತನಕ ನಿಂತಿದ್ದು ಆಮೇಲೆ ಹೇಗೋ ಚದುರಿದರು.

ಅಂಜೂರ ಈ ಸಲ ಚೆನ್ನಾಗಿದೆ, ಒಣಗಿಸಿ ಕಳಿಸಿದ್ದೇನೆ. ಒಬ್ಬರೇ ತಿನ್ನಿ ಎಂದರೆ ಕೇಳುವವರಲ್ಲ, ಹಂಚಿಯೇ ತಿನ್ನಿ. ಮಿಲ್ಕಾ, ಯಾಕೀನ ನಿಮ್ಮ ಕಾಲಿಗೆ ಬಿದ್ದಿದ್ದಾರೆ. ನಮ್ಮ ಪಿತೃಗಳ ದೇವರು ನಿಮ್ಮ ಹೋಗುವಿಕೆ, ಬರುವಿಕೆ ಎರಡನ್ನೂ ಕಾಯಲಿ.

ನಿಮ್ಮ ಯೆರೂಷಾ

ಮತ್ತೆ: ಈ ಪತ್ರ ಒಯ್ಯುವ ಗಡಿಗೆ ಮಾರುವ ನೆರೀಯ ಕತ್ತೆಗೆ ಹೊರೆ ಕಟ್ಟುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಹೋದ ಸಲ ಯೆರೂಸಲೇಮಿನಿಂದ ಬಂದಾಗ ಅವನು ಎಲ್ಲ ಹೇಳಿದ. ಗುಡ್ಡದ ಪೀಠಗಳಿಂದ ಬಂದ ಯಾಜಕರನ್ನು ಅಲ್ಲಿ ಬಲಿಪೀಠದ ಹತ್ತಿರವೂ ಬಿಡುವುದಿಲ್ಲವಂತೆ. ಉಳಿದವರ ಪಂಕ್ತಿಯ ಕೊನೆಯಲ್ಲಿ ಕೂತು ಹುಳಿಯಿಲ್ಲದ ರೊಟ್ಟಿ ತಿನ್ನುತ್ತೀರಂತೆ. ನಾಚಿಕೆಗೆ “ಬಿಡುವಿಲ್ಲ” ಎಂದು ಹೆಸರಿಟ್ಟಿರಾ? ಊರಿಗೆಲ್ಲ ಗೊತ್ತಾಗಿದೆ, ಒಬ್ಬರೂ ನಗಲಿಲ್ಲ. “ಅಲ್ಲಿ ಬ್ಯಾಡಾದ್ರೆ ನಮ್ಗೆ ಬೇಕು” ಎಂದ ಹುಷೈ. ಅವತ್ತು ಕಣದಲ್ಲಿ ಜನ ಹಾಗೆ ನಿಂತದ್ದು ನೋಡಲಾಗದೆ ನಾನೇ ಎಲ್ಕಾನನನ್ನು ಎತ್ತಿಕೊಂಡು ಅವನ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಹೇಳಿದೆ. ಮೊದಲ ಸಾಲು ಬಂತು, ಕೊನೆಯದೂ ಬಂತು. ನಡುವಿನದು ಬರಲಿಲ್ಲ. ಹೆಂಗಸರನ್ನೆಲ್ಲ ಕೇಳಿದೆ, ಯಾರಿಗೂ ಬರುವುದಿಲ್ಲ. ಗಂಡಸರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪೀಠ ಇಲ್ಲದಿದ್ದರೆ ಇಲ್ಲದೆ ಹೋಗಲಿ. ನಿಮ್ಮ ಮೊಮ್ಮಗ ನಡುವಿಲ್ಲದ ಆಶೀರ್ವಾದ ಹೊದ್ದು ಮಲಗಿದ್ದಾನೆ, ಬಂದು ಆ ಒಂದು ಸಾಲು ಹೇಳಿ. ಈ ಸಲ ಗಟ್ಟಿಯಾಗಿ ಹೇಳಿ.