ಅಡುಗೆಮನೆ ಕಿಟಕಿಯ ಪಾಚಿ

ನಾನು ಹನ್ನೊಂದು ಜನರಿರುವ ಈ ಮನೆಯ ಯಜಮಾನಿ. ಓದಿದ್ದು ಹೈಸ್ಕೂಲಿನವರೆಗೆ. ಆದರೂ ಇಲ್ಲಿ ನನಗೆ ಎದುರು ಮಾತಾಡಿದವಳು ನೀನೊಬ್ಬಳೇ, ಮಗಳೇ.

ನೀನು ಮನೆ ಬಿಟ್ಟಾಗ ಅಡುಗೆಮನೆ ಕಿಟಕಿಯಲ್ಲಿ ಉಳಿಸಿಹೋದ ಪಾಚಿಯ ಸೀಸೆಯನ್ನು ನಾಲ್ಕು ವರ್ಷ ಸಾಕಿದೆ. ನಿನ್ನ ಚೀಟಿಯಲ್ಲಿದ್ದಂತೆ ತಿಂಗಳಿಗೊಮ್ಮೆ ನೀರು ಬದಲಿಸಿದೆ, ಬಿಸಿಲೇರಿದಾಗ ಪರದೆ ಎಳೆದೆ. ಬೇಕಾದವಳು ತಾನೇ ಬಂದು ಕೇಳಲಿ ಎಂದುಕೊಂಡಿದ್ದೆ.

ಇವತ್ತು ನಿನ್ನ ಲ್ಯಾಬಿನ ಗೆಳತಿ ಬಂದಳು.

"ಅಮ್ಮಾ, ಲ್ಯಾಬಲ್ಲಿದ್ದ ಪಾಚಿಯೆಲ್ಲ ಸತ್ತುಹೋಯ್ತು. ಈ ತಳಿ ಉಳಿದಿರೋದು ಇದೊಂದೇ. ಇದಿಲ್ದಿದ್ರೆ ಅವಳ ಏಳು ವರ್ಷದ ಕೆಲಸ ಮಣ್ಣುಪಾಲು."

"ಬರೋಕೆ ಅವಳಿಗೆ ಕಾಲಿಲ್ವಾ?"

"ನಿಮ್ಮನ್ನ ಕಂಡ್ರೆ ಭಯ ಅವಳಿಗೆ." ಸೀಸೆಯನ್ನು ಬೆಳಕಿಗೆ ಹಿಡಿದು ನಕ್ಕಳು. "ಲ್ಯಾಬಲ್ಲಿ ಇದನ್ನ 'ಅಮ್ಮ' ಅಂತ ಕರೀತೀವಿ. ಬೆಳಕು ಹಿಡಿಯೋ ಪ್ರೊಟೀನು ಇದ್ರಲ್ಲಿ ವಿಪರೀತ. ಮೇಲಿರೋ ಜೀವಕೋಶಗಳು ತಮಗೆ ಬೇಕಾದ್ದಕ್ಕಿಂತ ಜಾಸ್ತಿ ಬೆಳಕು ಹೀರಿ, ಮಿಕ್ಕಿದ್ದನ್ನ ಶಾಖ ಮಾಡಿ ಹಾಳು ಮಾಡ್ತವೆ. ಕೆಳಗಿರೋವಕ್ಕೆ ಕತ್ತಲೇ ಗತಿ."

"ಹೆಸರಿಟ್ಟವರು ಯಾರು?"

ಅವಳ ನಗು ನಿಂತಿತು. ಇಟ್ಟವಳು ನೀನೇ ಎಂದು ತಿಳಿಯಿತು.

ಸೀಸೆಯನ್ನು ಅವಳ ಕೈಯಿಂದ ತೆಗೆದುಕೊಂಡೆ. ಒಲೆಯ ಮೇಲೆ ಕಾಫಿಗೆಂದು ನೀರು ಕುದಿಯುತ್ತಿತ್ತು. ಅದಕ್ಕೇ ಸುರಿದೆ. "ಅಯ್ಯೋ, ಒಂದು ಹನಿನಾದ್ರೂ ಉಳಿಸಿ ಅಮ್ಮಾ!" ಎಂದು ಗೋಗರೆದಳು. ಹಸಿರು ಕಂದಾಗುವವರೆಗೆ ಸೌಟಿನಿಂದ ತಿರುವಿದೆ.

ಆಮೇಲೆ ಬಿಸಿಲೇರಿತು. ಎದ್ದು ಪರದೆ ಎಳೆದೆ. ಎಳೆದ ಮೇಲೆ ನೆನಪಾಯಿತು.

ಖಾಲಿ ಸೀಸೆಯನ್ನು ಅಷ್ಟರಲ್ಲಾಗಲೇ ತೊಳೆದು, ಒರೆಸಿ, ಅವಳ ಕೈಯಲ್ಲೇ ನಿನಗೆ ಕಳಿಸಿಯಾಗಿತ್ತು.