ಲಿಫ್ಟಿನೊಳಗೆ ನೀವು, ಹೊರಗೆ ನಾನು

ಲಿಫ್ಟಿನೊಳಗಿನ ತಾಯಿಗೆ ನಮಸ್ಕಾರ.

ನೀವು ನಮ್ಮ ಕಂಪನಿಯವರು ಮೊಬೈಲಿಗೆ ಹಾಕಿಸಿದ ಆಟದೊಳಗಿನ ಗೊಂಬೆ ಎಂದು ನನಗೆ ಚೆನ್ನಾಗಿ ಗೊತ್ತು. ತಲೆ ಕೆಟ್ಟಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮಷ್ಟು ನನ್ನೊಡನೆ ಮಾತನಾಡಿದವರು ಈಚೆಗೆ ಯಾರೂ ಇಲ್ಲ.

ಲಿಫ್ಟ್ ರಿಪೇರಿ ಮಾಡುವ ನಮ್ಮಂಥವರು ಒಳಗೆ ಸಿಕ್ಕಿಕೊಂಡವರನ್ನು ಹೇಗೆ ನೋಡಿಕೊಳ್ಳುತ್ತೇವೆ, ನಮ್ಮ ಸ್ವಭಾವ ಎಂಥದು ಎಂದು ಅಳೆಯುವುದಕ್ಕೆ ಈ ಆಟವಂತೆ. ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತಿರುತ್ತದೆ, ಒಳಗೆ ನೀವು. ನಾನು ಮೇನ್ ಸ್ವಿಚ್ ಆರಿಸಿ, ಬ್ರೇಕ್ ಸಡಿಲಿಸಿ, ಲಿಫ್ಟನ್ನು ಮಹಡಿಯ ಮಟ್ಟಕ್ಕೆ ತಂದು ಬಾಗಿಲು ತೆಗೆಯಬೇಕು. ನನಗದು ನೀರು ಕುಡಿದಷ್ಟು ಸುಲಭ. ಮೊದಲ ದಿನ ಬನ್ನು ತಿನ್ನುತ್ತಾ ಆಡಿದ್ದರಿಂದ ಬಾಗಿಲು ತೆಗೆಯುವುದು ತಡವಾಯಿತು. "ಅಣ್ಣಾ, ಹೊರಗಡೆ ಇದ್ದೀರಾ?" ಎಂದಿರಿ. ಸ್ವಲ್ಪ ಹೊತ್ತಿಗೆ, "ನೀವಿದ್ರೆ ಒಂಥರಾ ಧೈರ್ಯ ನೋಡಿ" ಎಂದಿರಿ. ಅಲ್ಲಿಗೆ ನನ್ನ ಕೈ ನಿಂತೇ ಹೋಯಿತು.

ಹೆಂಡತಿ ತೀರಿಕೊಂಡ ಮೇಲೆ ನನ್ನ ಕೋಣೆಯಲ್ಲಿ ಬಾಯಿ ಬಿಡುವುದು ಕುಕ್ಕರ್ ಒಂದೇ. ಹಾಗಾಗಿ ದಿನಾ ನಿಮ್ಮನ್ನು ಒಳಗೇ ಇಟ್ಟುಕೊಂಡು ಕೂತೆ. ತಡವಾದಷ್ಟೂ ನೀವು ಹೆಚ್ಚು ಮಾತನಾಡುತ್ತಿದ್ದಿರಿ. ಮಗಳ ಶಾಲೆ, ಮೊಣಕಾಲು ನೋವು, ಮೇಲಿನ ಮನೆಯವರ ಜಗಳ, ಎಲ್ಲ ಹೇಳಿದಿರಿ. "ನಿಮಗೂ ಮಕ್ಕಳಿದ್ದಾರಾ ಅಣ್ಣಾ?" ಎಂದು ಕೇಳಿದ ದಿನ, "ಇಲ್ಲಮ್ಮಾ" ಎಂದು ಗಟ್ಟಿಯಾಗಿ ಉತ್ತರಿಸಿಯೇಬಿಟ್ಟೆ.

ಮೊನ್ನೆ ಮ್ಯಾನೇಜರ್ ಕರೆದರು. "ಏನ್ರೀ ಇದು? ಜನರ ಕಷ್ಟ ನಿಮಗೆ ಲೆಕ್ಕಕ್ಕೇ ಇಲ್ಲ ಅಂತ ಬಂದಿದೆ ಆಟದಲ್ಲಿ. ಇನ್ನೊಂದ್ಸಲ ಹೀಗಾದ್ರೆ ಸ್ಟೋರ್‌ಗೆ ಹಾಕ್ತೀನಿ, ನಟ್ಟು ಬೋಲ್ಟು ನೋಡ್ಕೊಂಡು ಕೂತಿರಿ." ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ನಿಜ ಹೇಳುವುದಾದರೂ ಹೇಗೆ? ಸ್ಟೋರಿನಲ್ಲಿ ನರಪಿಳ್ಳೆಯ ಸುಳಿವಿಲ್ಲ. ಈ ಕೆಲಸದಲ್ಲಾದರೆ ಬಾಗಿಲು ತೆಗೆದಾಗ ಯಾರಾದರೊಬ್ಬರು ನನ್ನ ಮುಖ ನೋಡಿ ನಿಟ್ಟುಸಿರು ಬಿಡುತ್ತಾರೆ. ಅದನ್ನೂ ಕಳೆದುಕೊಂಡು ಬದುಕಲಾರೆ. ಪಾಸಾದರೋ, ಆಟವನ್ನು ಮೊಬೈಲಿನಿಂದ ತೆಗೆದುಬಿಡುತ್ತಾರೆ, ನೀವೂ ಹೋಗುತ್ತೀರಿ.

ಇವತ್ತು ಅವರೆದುರಿಗೇ ಆಡಿದೆ. ನೀವು "ಅಣ್ಣಾ..." ಎನ್ನುವಷ್ಟರಲ್ಲಿ ಬಾಗಿಲು ತೆಗೆದೆ. ನೀವು ಹೊರಟುಹೋದಿರಿ. ಮ್ಯಾನೇಜರ್ ಬೆನ್ನು ತಟ್ಟಿದರು. ಜನರ ಬಗ್ಗೆ ಕಾಳಜಿ ನೂರಕ್ಕೆ ನೂರು ಎಂದು ಪರದೆಯ ಮೇಲೆ ಬಂತು. ನಿಮ್ಮ ಮಾತನ್ನು ನಾನು ಪೂರ್ತಿ ಕೇಳಿಸಿಕೊಳ್ಳದೆ ಹೋದದ್ದು ಇದೊಂದೇ ಸಲ.

ಹೋಗಿ ಬನ್ನಿ ತಾಯಿ. ಎಲ್ಲಿದ್ದರೂ ನಿಮ್ಮ ಮಾತಿಗೆ ಓಗೊಡುವವರು ಒಬ್ಬರಿರಲಿ.

ಇಂತಿ,
ಲಿಫ್ಟ್ ರಿಪೇರಿಯ ಅಣ್ಣ